ಆರಿಸಿದ ಕೋಶಗಳಿಗೆ ಎಲ್ಲೆ ಆಯತ: ಮಂಡ್ಯ, ಮದ್ದೂರು, ಮಳವಳ್ಳಿ ನಕ್ಷೆಹಾಳೆಗಳಿಂದ ಒಂದು ಗಣಿತ ಪಾಠ

ಬೋಧನಾಭ್ಯಾಸಕ್ಕೆ ನಿರ್ದೇಶಾಂಕ ರೇಖಾಗಣಿತವನ್ನು ಆಯ್ದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಗುರುತಿಸುವುದರಲ್ಲೇ ಅವಧಿಯನ್ನು ಮುಗಿಸುತ್ತಾರೆ. ಬಿಂದು ಗುರುತಿಸಲು ಬಂದ ಮೇಲೆ ಅದರಿಂದ ಏನು ಪ್ರಯೋಜನ ಎಂದು ಮಕ್ಕಳು ಕೇಳಿದರೆ ಕೊಡಲು ಉತ್ತರ ಸಿದ್ಧವಿರುವುದಿಲ್ಲ. ಎಂಜಿನಿಯರುಗಳು ಮತ್ತು ಹವಾಮಾನ ತಜ್ಞರು ಕಂಪ್ಯೂಟರಿನಲ್ಲಿ ದಿನವೂ ಮಾಡಿಸುವ ಒಂದು ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ. ಒಂದು ಜಾಲದಲ್ಲಿ ನಮಗೆ ಬೇಕಾದ ಕೆಲವು ಕೋಶಗಳನ್ನು ಆರಿಸಿ, ಅವೆಲ್ಲವನ್ನೂ ಒಳಗೊಳ್ಳುವ ಅತಿ ಚಿಕ್ಕ ಆಯತವನ್ನು ಕಂಡುಹಿಡಿಯುವುದೇ ಆ ಲೆಕ್ಕ. ಇದನ್ನು ಕಂಪ್ಯೂಟರ್ ಬಲ್ಲವರು ಬೌಂಡಿಂಗ್ ಬಾಕ್ಸ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ‘ಎಲ್ಲೆ ಆಯತ’ ಎಂದು ಕರೆಯೋಣ.

ಲೆಕ್ಕಕ್ಕೆ ಬೇಕಾದದ್ದು ಕನಿಷ್ಠ ಮತ್ತು ಗರಿಷ್ಠ ಬೆಲೆಗಳನ್ನು ಹುಡುಕುವ ಸಾಮರ್ಥ್ಯ ಮಾತ್ರ. ಇಷ್ಟು ಸುಲಭವೆಂದು ತೋರುವುದರಿಂದಲೇ ಇಲ್ಲಿ ಒಂದು ಅಪಾಯವಿದೆ. ತಪ್ಪು ವಿಧಾನದಿಂದಲೂ ಸರಿ ಉತ್ತರ ಬಂದುಬಿಡುವ ಉದಾಹರಣೆಗಳು ಈ ವಿಷಯದಲ್ಲಿ ಬಹಳ. ಅಂಥ ಉದಾಹರಣೆಯನ್ನೇ ಆಯ್ದುಕೊಂಡ ಶಿಕ್ಷಕರಿಗೆ ತರಗತಿಯೆಲ್ಲ ಕಲಿತಂತೆ ಕಾಣುತ್ತದೆ. ಆದ್ದರಿಂದ ಯಾವ ಉದಾಹರಣೆ ಯಾವ ತಪ್ಪನ್ನು ಹಿಡಿಯುತ್ತದೆ, ಯಾವುದನ್ನು ಮುಚ್ಚಿಡುತ್ತದೆ ಎಂಬುದನ್ನು ನಮ್ಮ ಜಿಲ್ಲೆಯ ನಕ್ಷೆಗಳನ್ನೇ ಇಟ್ಟುಕೊಂಡು ನೋಡೋಣ.

ಜಾಲ, ಕೋಶ, ಆಯ್ಕೆ

ವಿಶ್ವೇಶ್ವರಯ್ಯ ನಾಲೆಯ ಒಂದು ಭಾಗದಲ್ಲಿ ನೀರು ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಬೇಕಿದೆ ಎಂದಿಟ್ಟುಕೊಳ್ಳಿ. ಇಡೀ ನಾಲೆಯನ್ನು ಒಟ್ಟಿಗೆ ಲೆಕ್ಕ ಹಾಕಲು ಸಾಧ್ಯವಿಲ್ಲ. ಹಾಗಾಗಿ ನೀರಿರುವ ಜಾಗವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ವಿಂಗಡಿಸುತ್ತಾರೆ. ಪ್ರತಿ ತುಂಡೂ ಒಂದು ಕೋಶ. ಕೋಶಗಳೆಲ್ಲ ಸೇರಿ ಗಣನಾ ಜಾಲ. ಕೋಶಗಳು ಚೌಕವಾಗಿರಬಹುದು, ತ್ರಿಭುಜವಾಗಿರಬಹುದು. ಮೂರು ಆಯಾಮಗಳಲ್ಲಾದರೆ ಇಟ್ಟಿಗೆಯ ಆಕಾರದಲ್ಲೋ ಪಿರಮಿಡ್ಡಿನ ಆಕಾರದಲ್ಲೋ ಇರಬಹುದು. ನೀರಿನ ವೇಗ ಬೇಗ ಬೇಗ ಬದಲಾಗುವ ಕಡೆ, ಅಂದರೆ ನಾಲೆಯ ದಡ, ತೂಬು, ತಿರುವುಗಳ ಬಳಿ, ಕೋಶಗಳನ್ನು ಚಿಕ್ಕದಾಗಿಯೂ ಉಳಿದೆಡೆ ದೊಡ್ಡದಾಗಿಯೂ ಮಾಡುತ್ತಾರೆ.

ಲೆಕ್ಕ ಮುಗಿದ ಮೇಲೆ ‘ವೇಗ ಹೆಚ್ಚಿರುವ ಕೋಶಗಳನ್ನು ಮಾತ್ರ ತೋರಿಸು’ ಎಂದು ಕೇಳುತ್ತೇವೆ. ಹೀಗೆ ಒಂದು ನಿಬಂಧನೆಗೆ ಒಳಪಟ್ಟ ಕೋಶಗಳ ಗುಂಪೇ ಆಯ್ಕೆ. ಗಣಗಳ ಭಾಷೆಯಲ್ಲಿ ಹೇಳುವುದಾದರೆ ಜಾಲವು ಎಲ್ಲ ಕೋಶಗಳ ಗಣ, ಆಯ್ಕೆಯು ಅದರ ಉಪಗಣ. ಆ ಉಪಗಣ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂಬುದನ್ನು ನಾಲ್ಕೇ ಸಂಖ್ಯೆಗಳಲ್ಲಿ ಹೇಳಿಬಿಡುವುದು ಎಲ್ಲೆ ಆಯತದ ಕೆಲಸ: ಪಶ್ಚಿಮದ ಎಲ್ಲೆ, ಪೂರ್ವದ ಎಲ್ಲೆ, ದಕ್ಷಿಣದ ಎಲ್ಲೆ, ಉತ್ತರದ ಎಲ್ಲೆ. ಮೂರು ಆಯಾಮಗಳಿದ್ದರೆ ತಳ ಮತ್ತು ನೆತ್ತಿ ಸೇರಿ ಆರು ಸಂಖ್ಯೆಗಳು. ಆ ಭಾಗವನ್ನಷ್ಟೇ ದೊಡ್ಡದಾಗಿ ತೋರಿಸಲು, ಅಲ್ಲಿ ಇನ್ನೂ ಚಿಕ್ಕ ಕೋಶಗಳನ್ನು ಮಾಡಲು, ಆ ಪ್ರದೇಶದ ಮಳೆಯ ಅಂಕಿಅಂಶವನ್ನು ಮಾತ್ರ ತರಿಸಿಕೊಳ್ಳಲು ಈ ಸಂಖ್ಯೆಗಳು ಬೇಕು.

ನಮ್ಮ ಕಣ್ಣೆದುರಿಗಿರುವ ಜಾಲ

ತರಗತಿಗೆ ನಾಲೆಯ ಗಣನಾ ಜಾಲವನ್ನು ತರುವುದು ಕಷ್ಟ. ಆದರೆ ಭೂಗೋಳ ಪಾಠದಲ್ಲಿ ಬರುವ ಸ್ಥಳವರ್ಣನಾ ನಕ್ಷೆಗಳೇ ಒಂದು ಸಿದ್ಧ ಜಾಲ. 1767ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣಾ ಇಲಾಖೆಯು ದೇಶವನ್ನು ಅಕ್ಷಾಂಶ ರೇಖಾಂಶಗಳ ಚೌಕಗಳಾಗಿ ವಿಂಗಡಿಸಿದೆ. ಹಳೆಯ ಅಂಕನ ಪದ್ಧತಿಯಲ್ಲಿ 57ನೆಯ ಹಾಳೆಯು 12ರಿಂದ 16 ಡಿಗ್ರಿ ಉತ್ತರ ಅಕ್ಷಾಂಶ, 76ರಿಂದ 80 ಡಿಗ್ರಿ ಪೂರ್ವ ರೇಖಾಂಶದವರೆಗಿನ ಪ್ರದೇಶ. ಅದನ್ನು ಒಂದೊಂದು ಡಿಗ್ರಿಯ 16 ಭಾಗ ಮಾಡಿ ಎ, ಬಿ, ಸಿ ಎಂದು ಅಕ್ಷರ ಕೊಟ್ಟಿದ್ದಾರೆ. ಪ್ರತಿ ಭಾಗವನ್ನು ಮತ್ತೆ 15 ಮಿನಿಟಿನ, ಅಂದರೆ 0.25 ಡಿಗ್ರಿಯ, 16 ಹಾಳೆಗಳಾಗಿ ವಿಂಗಡಿಸಿ 1ರಿಂದ 16ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಇವೇ 1:50,000 ಪ್ರಮಾಣದ ಹಾಳೆಗಳು. ಅಕ್ಷರವಾಗಲಿ ಸಂಖ್ಯೆಯಾಗಲಿ ಮೇಲಿನಿಂದ ಕೆಳಕ್ಕೆ ಸಾಗಿ, ಒಂದು ಕಂಬಸಾಲು ಮುಗಿದ ಮೇಲೆ ಪೂರ್ವದ ಕಂಬಸಾಲಿಗೆ ಹೋಗುತ್ತದೆ. ಎಡದಿಂದ ಬಲಕ್ಕೆ ಓದುವ ಅಭ್ಯಾಸದ ಮಕ್ಕಳು ಇಲ್ಲಿ ಬೇರೆ ಕೋಶವನ್ನು ಆರಿಸಿಬಿಡುತ್ತಾರೆ. ಇದನ್ನು ಮೊದಲೇ ಹೇಳಿಬಿಡಿ.

ಈಗ ನಮ್ಮ ಮೂರು ಊರುಗಳನ್ನು ಹುಡುಕೋಣ. ಸ್ಥಾನಗಳು ಸುಮಾರಾಗಿ ಹೀಗಿವೆ:

ಮಂಡ್ಯ: ರೇಖಾಂಶ 76.90, ಅಕ್ಷಾಂಶ 12.52. ಹಾಳೆ 57 ಡಿ/14.
ಮದ್ದೂರು: ರೇಖಾಂಶ 77.04, ಅಕ್ಷಾಂಶ 12.58. ಹಾಳೆ 57 ಎಚ್/2.
ಮಳವಳ್ಳಿ: ರೇಖಾಂಶ 77.06, ಅಕ್ಷಾಂಶ 12.38. ಹಾಳೆ 57 ಎಚ್/3.

ಅಕ್ಕಪಕ್ಕದ ತಾಲ್ಲೂಕು ಕೇಂದ್ರಗಳಾದರೂ ಮೂರೂ ಬೇರೆ ಬೇರೆ ಹಾಳೆಗಳಲ್ಲಿವೆ. 77 ಡಿಗ್ರಿ ರೇಖಾಂಶವು ಮಂಡ್ಯವನ್ನು ಮದ್ದೂರಿನಿಂದ ಬೇರ್ಪಡಿಸುತ್ತದೆ, 12.50 ಡಿಗ್ರಿ ಅಕ್ಷಾಂಶವು ಮದ್ದೂರನ್ನು ಮಳವಳ್ಳಿಯಿಂದ ಬೇರ್ಪಡಿಸುತ್ತದೆ. ಇವೆರಡು ಗೆರೆಗಳು ಕೂಡುವ ಸ್ಥಳವನ್ನು ನಡುವಿಟ್ಟುಕೊಂಡರೆ ಸುತ್ತ ನಾಲ್ಕು ಹಾಳೆಗಳು ಬರುತ್ತವೆ. ನಾಲ್ಕನೆಯದು ನೈರುತ್ಯದ 57 ಡಿ/15. ಮೈಸೂರು ಜಿಲ್ಲೆಯ ಬನ್ನೂರು ಮತ್ತು ಸೋಮನಾಥಪುರ ಅದರಲ್ಲಿವೆ. ಪ್ರತಿ ಹಾಳೆಯೂ ನಮ್ಮ ಅಕ್ಷಾಂಶದಲ್ಲಿ ಪೂರ್ವ ಪಶ್ಚಿಮವಾಗಿ ಸುಮಾರು 27 ಕಿ.ಮೀ., ಉತ್ತರ ದಕ್ಷಿಣವಾಗಿ ಸುಮಾರು 28 ಕಿ.ಮೀ. ನೆಲವನ್ನು ತೋರಿಸುತ್ತದೆ. ವಿಸ್ತೀರ್ಣ ಸುಮಾರು 750 ಚ.ಕಿ.ಮೀ.

ಕಂಪ್ಯೂಟರ್ ಜಾಲವನ್ನು ಇಟ್ಟುಕೊಳ್ಳುವ ಬಗೆ

ಕಂಪ್ಯೂಟರ್ ಚಿತ್ರವನ್ನು ಇಟ್ಟುಕೊಳ್ಳುವುದಿಲ್ಲ. ಎರಡು ಪಟ್ಟಿಗಳನ್ನು ಇಟ್ಟುಕೊಳ್ಳುತ್ತದೆ. ಒಂದು, ಶೃಂಗಬಿಂದುಗಳ ಪಟ್ಟಿ. ಇನ್ನೊಂದು, ಯಾವ ಕೋಶಕ್ಕೆ ಯಾವ ಶೃಂಗಗಳು ಎಂಬ ಪಟ್ಟಿ. ನಮ್ಮ ನಾಲ್ಕು ಹಾಳೆಗಳಿಗೆ ಒಟ್ಟು ಒಂಬತ್ತು ಶೃಂಗಗಳಿವೆ. ಕಪ್ಪುಹಲಗೆಯ ಮೇಲೆ ಅವುಗಳನ್ನು ಹೀಗೆ ಬರೆಯಿರಿ. ಮೊದಲ ಸಂಖ್ಯೆ ರೇಖಾಂಶ, ಎರಡನೆಯದು ಅಕ್ಷಾಂಶ.

ಮೇಲಿನ ಸಾಲು: 1 (76.75, 12.75), 2 (77.00, 12.75), 3 (77.25, 12.75)
ನಡುವಿನ ಸಾಲು: 4 (76.75, 12.50), 5 (77.00, 12.50), 6 (77.25, 12.50)
ಕೆಳಗಿನ ಸಾಲು: 7 (76.75, 12.25), 8 (77.00, 12.25), 9 (77.25, 12.25)

ಕೋಶಗಳ ಪಟ್ಟಿ:

57 ಡಿ/14 (ಮಂಡ್ಯ): 1, 2, 5, 4
57 ಎಚ್/2 (ಮದ್ದೂರು): 2, 3, 6, 5
57 ಎಚ್/3 (ಮಳವಳ್ಳಿ): 5, 6, 9, 8
57 ಡಿ/15 (ಸೋಮನಾಥಪುರ): 4, 5, 8, 7

5ನೆಯ ಶೃಂಗ ನಾಲ್ಕೂ ಕೋಶಗಳಲ್ಲಿ ಬರುತ್ತದೆ. ಪ್ರತಿ ಕೋಶಕ್ಕೂ ಅದರ ನಿರ್ದೇಶಾಂಕಗಳನ್ನು ಮತ್ತೆ ಮತ್ತೆ ಬರೆಯುವ ಬದಲು ಒಂದು ಸಲ ಬರೆದು ಸಂಖ್ಯೆಯಿಂದ ಸೂಚಿಸಿದರೆ ಜಾಗ ಉಳಿಯುತ್ತದೆ. ಪಡಿತರ ಚೀಟಿಯಲ್ಲಿ ಮನೆಯ ವಿಳಾಸವನ್ನು ಒಬ್ಬೊಬ್ಬ ಸದಸ್ಯರ ಹೆಸರಿನ ಮುಂದೆಯೂ ಬರೆಯದೆ ಒಂದೇ ಕಡೆ ಬರೆದಂತೆ ಇದು.

ಲೆಕ್ಕದ ಹಂತಗಳು

ಮೊದಲು ಮಂಡ್ಯ, ಮದ್ದೂರು, ಮಳವಳ್ಳಿಗಳ ಮೂರು ಕೋಶಗಳನ್ನು ಆರಿಸೋಣ.

ಹಂತ 1. ಆರಿಸಿದ ಕೋಶಗಳ ಶೃಂಗ ಸಂಖ್ಯೆಗಳನ್ನು ಒಟ್ಟುಗೂಡಿಸಿ. ಮೂರು ಕೋಶಗಳಿಂದ 12 ನಮೂದುಗಳು ಸಿಗುತ್ತವೆ. ಪುನರಾವರ್ತನೆ ಬಿಟ್ಟರೆ 1, 2, 3, 4, 5, 6, 8, 9 ಎಂಬ ಎಂಟು ಶೃಂಗಗಳು. 7ನೆಯದು ಇಲ್ಲ.

ಹಂತ 2. ಮೊದಲ ಶೃಂಗದ ರೇಖಾಂಶವನ್ನೇ ಸದ್ಯದ ಕನಿಷ್ಠ ಮತ್ತು ಸದ್ಯದ ಗರಿಷ್ಠ ಎಂದು ಬರೆದುಕೊಳ್ಳಿ. ಅಕ್ಷಾಂಶಕ್ಕೂ ಹಾಗೆಯೇ ಮಾಡಿ.

ಹಂತ 3. ಉಳಿದ ಶೃಂಗಗಳನ್ನು ಒಂದೊಂದಾಗಿ ನೋಡಿ. ಸದ್ಯದ ಕನಿಷ್ಠಕ್ಕಿಂತ ಚಿಕ್ಕದು ಸಿಕ್ಕರೆ ಕನಿಷ್ಠವನ್ನು ಬದಲಾಯಿಸಿ, ಸದ್ಯದ ಗರಿಷ್ಠಕ್ಕಿಂತ ದೊಡ್ಡದು ಸಿಕ್ಕರೆ ಗರಿಷ್ಠವನ್ನು ಬದಲಾಯಿಸಿ.

ಹಂತ 4. ಕೊನೆಗೆ ಉಳಿದ ನಾಲ್ಕು ಸಂಖ್ಯೆಗಳೇ ಉತ್ತರ: ರೇಖಾಂಶ 76.75ರಿಂದ 77.25, ಅಕ್ಷಾಂಶ 12.25ರಿಂದ 12.75.

ಒಂದೇ ಶೃಂಗ ಎರಡು ಮೂರು ಸಲ ಬಂದರೆ ಲೆಕ್ಕ ಕೆಡುವುದಿಲ್ಲವೇ ಎಂದು ಮಕ್ಕಳು ಕೇಳಬೇಕು. ಕೇಳದಿದ್ದರೆ ನೀವೇ ಕೇಳಿ. ಸರಾಸರಿಯಾಗಿದ್ದರೆ ಕೆಡುತ್ತಿತ್ತು, ಏಕೆಂದರೆ ಹೆಚ್ಚು ಸಲ ಬಂದ ಬಿಂದು ಸರಾಸರಿಯನ್ನು ತನ್ನತ್ತ ಎಳೆಯುತ್ತದೆ. ಕನಿಷ್ಠ ಗರಿಷ್ಠಗಳಿಗೆ ಆ ತೊಂದರೆಯಿಲ್ಲ. ತರಗತಿಯ ಅತಿ ಎತ್ತರದ ಹುಡುಗಿಯನ್ನು ಎರಡು ಸಲ ಅಳೆದರೂ ಗರಿಷ್ಠ ಎತ್ತರ ಅಷ್ಟೇ ಇರುತ್ತದೆ.

ಶೃಂಗಗಳನ್ನು ನೋಡಿದರೆ ಸಾಕು ಏಕೆ?

ಕೋಶದೊಳಗೆ ಲೆಕ್ಕವಿಲ್ಲದಷ್ಟು ಬಿಂದುಗಳಿವೆ. ನಾವು ನಾಲ್ಕು ಮೂಲೆಗಳನ್ನಷ್ಟೇ ನೋಡಿ ತೀರ್ಮಾನಿಸುತ್ತೇವೆ. ಇದು ಸರಿ ಎಂಬುದಕ್ಕೆ ಹತ್ತನೆಯ ತರಗತಿಯ ಭಾಗಪ್ರಮಾಣ ಸೂತ್ರವೇ ಆಧಾರ. ಎರಡು ಬಿಂದುಗಳನ್ನು ಸೇರಿಸುವ ರೇಖಾಖಂಡದ ಮೇಲಿನ ಯಾವುದೇ ಬಿಂದುವಿನ ರೇಖಾಂಶ ಆ ಎರಡರ ರೇಖಾಂಶಗಳ ನಡುವೆಯೇ ಇರುತ್ತದೆ. ಅಕ್ಷಾಂಶವೂ ಹಾಗೆಯೇ. ಆದ್ದರಿಂದ ಬಾಹುಗಳು ಸರಳರೇಖೆಗಳಾಗಿರುವವರೆಗೆ ಕೋಶದ ಯಾವ ಬಿಂದುವೂ ಶೃಂಗಗಳ ಕನಿಷ್ಠ ಗರಿಷ್ಠಗಳನ್ನು ದಾಟಲಾರದು. ಕೋಶ ತ್ರಿಭುಜವಾದರೂ ಓರೆಯಾದ ಚತುರ್ಭುಜವಾದರೂ ಇದು ನಿಜ. ಬಾಹು ಬಿಲ್ಲಿನಂತೆ ಬಾಗಿದ್ದರೆ ಮಾತ್ರ ಶೃಂಗಗಳು ಸಾಲವು. ಆಗ ಬಾಗಿದ ಭಾಗ ಎಲ್ಲೆಯ ಆಚೆ ಉಬ್ಬಬಹುದು. ಪ್ರತಿಭಾವಂತ ಮಕ್ಕಳಿಗೆ ಒಂದು ಅರ್ಧವೃತ್ತವನ್ನು ಬರೆದು ಇದನ್ನು ತೋರಿಸಬಹುದು.

ತಪ್ಪು ವಿಧಾನ, ಸರಿ ಉತ್ತರ

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಮೂರು ತಪ್ಪುಗಳಿಗೆ ಎಡೆಯಿದೆ. ಅವುಗಳಲ್ಲಿ ಪ್ರತಿಯೊಂದನ್ನೂ ನಮ್ಮ ಉದಾಹರಣೆಯ ಮೇಲೆ ಪ್ರಯೋಗಿಸಿ ನೋಡಬೇಕು.

ಮೊದಲನೆಯದು, ಇಡೀ ಜಾಲದ ಶೃಂಗಗಳನ್ನು ತೆಗೆದುಕೊಳ್ಳುವುದು. ವಿದ್ಯಾರ್ಥಿ ಆಯ್ಕೆಯನ್ನು ಗಮನಿಸದೆ 1ರಿಂದ 9ರವರೆಗಿನ ಎಲ್ಲ ಶೃಂಗಗಳ ಕನಿಷ್ಠ ಗರಿಷ್ಠ ಹುಡುಕುತ್ತಾನೆ ಎನ್ನಿ. ಅವನಿಗೂ ಬರುವುದು 76.75ರಿಂದ 77.25, 12.25ರಿಂದ 12.75. ಉತ್ತರ ಪೂರ್ತಿ ಸರಿ, ವಿಧಾನ ಪೂರ್ತಿ ತಪ್ಪು. ಮೂರು ಊರುಗಳ ಉದಾಹರಣೆಯೊಂದನ್ನೇ ಕೊಟ್ಟು ಉತ್ತರವನ್ನಷ್ಟೇ ನೋಡಿದ ಶಿಕ್ಷಕರು ಇವನಿಗೆ ಪೂರ್ಣಾಂಕ ಕೊಡುತ್ತಾರೆ. ಕಾರ್ಯಕ್ರಮ ಬರೆಯುವವರಲ್ಲೂ ಈ ತಪ್ಪು ಉಂಟು. ಜಾಲದ ಆಯ್ದ ಭಾಗದ ಎಲ್ಲೆ ಕೇಳಿದರೆ ಇಡೀ ಜಾಲದ ಎಲ್ಲೆಯನ್ನು ಕೊಟ್ಟುಬಿಡುವ ಕಾರ್ಯಕ್ರಮವನ್ನು ಇಂಥ ಪರೀಕ್ಷೆ ಹಿಡಿಯುವುದಿಲ್ಲ.

ಎರಡನೆಯದು, ಶೃಂಗಗಳ ಬದಲು ಕೋಶದ ಕೇಂದ್ರಗಳನ್ನು ತೆಗೆದುಕೊಳ್ಳುವುದು. ಮೂರು ಕೋಶಗಳ ಕೇಂದ್ರಗಳು (76.875, 12.625), (77.125, 12.625), (77.125, 12.375). ಇವುಗಳಿಂದ ಬರುವ ಆಯತ 76.875ರಿಂದ 77.125, 12.375ರಿಂದ 12.625. ಅಗಲ 0.25, ಎತ್ತರ 0.25. ನಿಜವಾದ ಆಯತದ ಕಾಲು ಭಾಗ ಮಾತ್ರ. ಈ ತಪ್ಪು ಕಣ್ಣಿಗೆ ಬೀಳಬೇಕಲ್ಲವೇ? ‘ಮೂರು ಊರುಗಳೂ ಆಯತದೊಳಗಿವೆಯೇ ನೋಡಿ’ ಎಂದು ಪರಿಶೀಲನೆಗೆ ಹೇಳಿದರೆ ಬೀಳುವುದಿಲ್ಲ. ಮಂಡ್ಯ, ಮದ್ದೂರು ಒಳಗಿವೆ. ಮಳವಳ್ಳಿಯೂ ಅಂಚಿನಲ್ಲಿ ಹೇಗೋ ಒಳಗೆ ಸೇರಿಕೊಂಡಿದೆ. ಪರಿಶೀಲನೆ ಪಾಸಾಗುತ್ತದೆ. ಆದರೆ ಮಳವಳ್ಳಿ ತಾಲ್ಲೂಕಿನದೇ ಆದ ಶಿವನಸಮುದ್ರವನ್ನು ನೋಡಿ. ಅದರ ಸ್ಥಾನ ಸುಮಾರು 77.17, 12.29. ಆರಿಸಿದ 57 ಎಚ್/3 ಹಾಳೆಯಲ್ಲೇ ಇದೆ, ಆಯತದ ಹೊರಗೆ ಉಳಿದಿದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಜಾಗವನ್ನೇ ಬಿಟ್ಟ ಎಲ್ಲೆ ಅದು. ಊರುಗಳಿಂದ ಪರೀಕ್ಷಿಸಿದ್ದು ಸಾಲದಾಯಿತು. ಆರಿಸಿದ್ದು ಕೋಶಗಳನ್ನು, ಆದ್ದರಿಂದ ಕೋಶದ ಮೂಲೆಗಳಿಂದಲೇ ಪರೀಕ್ಷಿಸಬೇಕು.

ಕೆಲವು ದತ್ತಾಂಶಗಳಲ್ಲಿ ಕೇಂದ್ರಗಳನ್ನು ಮಾತ್ರ ಕೊಟ್ಟಿರುತ್ತಾರೆ. ಭಾರತೀಯ ಹವಾಮಾನ ಇಲಾಖೆಯು 1901ರಿಂದ ಈಚಿನ ದೈನಂದಿನ ಮಳೆಯನ್ನು 0.25 ಡಿಗ್ರಿ ಅಂತರದ ಬಿಂದುಗಳ ಜಾಲದಲ್ಲಿ ಒದಗಿಸುತ್ತದೆ. ಅಂಥ ಕಡೆ ಬಿಂದುವನ್ನು ಕೋಶದ ಕೇಂದ್ರವೆಂದು ಭಾವಿಸಿದರೆ, ಕೇಂದ್ರಗಳ ಕನಿಷ್ಠದಿಂದ ಅರ್ಧ ಕೋಶ, ಅಂದರೆ 0.125 ಡಿಗ್ರಿ, ಕಳೆಯಬೇಕು. ಗರಿಷ್ಠಕ್ಕೆ ಅಷ್ಟನ್ನೇ ಕೂಡಬೇಕು. ಕೋಶಗಳೆಲ್ಲ ಒಂದೇ ಅಳತೆಯವಾದ್ದರಿಂದ ಈ ಉಪಾಯ ನಡೆಯುತ್ತದೆ. ನಾಲೆಯ ಜಾಲದಂತೆ ಚಿಕ್ಕ ದೊಡ್ಡ ಕೋಶಗಳಿರುವಲ್ಲಿ ನಡೆಯುವುದಿಲ್ಲ. ಅಲ್ಲಿ ಶೃಂಗಗಳಿಗೇ ಹೋಗಬೇಕು.

ಮೂರನೆಯದು, ಸೊನ್ನೆಯಿಂದ ಆರಂಭಿಸುವುದು. ಎರಡನೆಯ ಹಂತದಲ್ಲಿ ಮೊದಲ ಶೃಂಗದ ಬೆಲೆಯ ಬದಲು 0 ಬರೆದುಕೊಂಡರೆ ಏನಾಗುತ್ತದೆ? 76.75 ಎಂಬುದು 0ಗಿಂತ ಚಿಕ್ಕದಲ್ಲವಾದ್ದರಿಂದ ಕನಿಷ್ಠ 0 ಆಗಿಯೇ ಉಳಿಯುತ್ತದೆ. ಆಯತ ಗ್ರೀನಿಚ್ ರೇಖಾಂಶದಿಂದಲೂ ಸಮಭಾಜಕದಿಂದಲೂ ಶುರುವಾಗಿ ನಮ್ಮೂರಿನವರೆಗೆ ಚಾಚುತ್ತದೆ. ಅದರ ನೈರುತ್ಯ ಮೂಲೆ ಆಫ್ರಿಕಾದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯಲ್ಲಿರುತ್ತದೆ. ಮಕ್ಕಳು ಇದನ್ನು ಕೇಳಿ ನಗುತ್ತಾರೆ, ನಗಲಿ. ಆದರೆ ಗರಿಷ್ಠಕ್ಕೆ ಸೊನ್ನೆಯಿಂದ ಆರಂಭಿಸಿದ ತಪ್ಪು ಇಲ್ಲಿ ಕಾಣುವುದೇ ಇಲ್ಲ. ಎಲ್ಲ ಬೆಲೆಗಳೂ ಧನವಾಗಿರುವುದರಿಂದ ಉತ್ತರ ಸರಿಯಾಗಿಯೇ ಬರುತ್ತದೆ. ಆ ತಪ್ಪನ್ನು ಹಿಡಿಯಲು 3ನೆಯ ಶೃಂಗವನ್ನು ಮೂಲಬಿಂದುವಾಗಿಟ್ಟುಕೊಂಡು, ಒಂದು ಕೋಶದ ಬಾಹುವನ್ನು ಒಂದು ಮಾನವಾಗಿ ತೆಗೆದುಕೊಂಡು ಮಳವಳ್ಳಿಯ ಕೋಶವೊಂದನ್ನೇ ಆರಿಸಿ. ಅದರ ಶೃಂಗಗಳು (−1, −1), (0, −1), (0, −2), (−1, −2). ಎರಡನೆಯ ನಿರ್ದೇಶಾಂಕದ ಗರಿಷ್ಠ −1 ಆಗಬೇಕು. ಸೊನ್ನೆಯಿಂದ ಆರಂಭಿಸಿದವರಿಗೆ 0 ಬರುತ್ತದೆ.

ಸುಲಭವಾಗಲೆಂದು 5ನೆಯ ಶೃಂಗವನ್ನು ಮೂಲಬಿಂದುವಾಗಿಡುವ ಪ್ರಶಿಕ್ಷಣಾರ್ಥಿಗಳು ಒಂದನ್ನು ಗಮನಿಸಬೇಕು. ಆಗ ಮೂರು ಕೋಶಗಳ ಎಲ್ಲೆ −1ರಿಂದ 1 ಆಗುತ್ತದೆ. ಸೊನ್ನೆಯಿಂದ ಆರಂಭಿಸಿದರೂ ಉತ್ತರ ಸರಿಯಾಗಿಬಿಡುತ್ತದೆ. ಅಂಕಗಳು ಸರಳವಾದವು, ಉದಾಹರಣೆ ಕುರುಡಾಯಿತು.

ಹಾಗಾದರೆ ಯಾವ ಉದಾಹರಣೆ ಒಳ್ಳೆಯದು?

ಮದ್ದೂರು ಮತ್ತು ಮಳವಳ್ಳಿಗಳ ಎರಡು ಕೋಶಗಳನ್ನು ಮಾತ್ರ ಆರಿಸಿ ನೋಡಿ. ಶೃಂಗಗಳು 2, 3, 5, 6, 8, 9. ಸರಿ ಉತ್ತರ: ರೇಖಾಂಶ 77.00ರಿಂದ 77.25, ಅಕ್ಷಾಂಶ 12.25ರಿಂದ 12.75. ಇಡೀ ಜಾಲವನ್ನು ತೆಗೆದುಕೊಂಡವರಿಗೆ ಅಗಲ 0.25ರ ಬದಲು 0.50 ಬರುತ್ತದೆ, ಸಿಕ್ಕಿಬೀಳುತ್ತಾರೆ. ಕೇಂದ್ರಗಳನ್ನು ತೆಗೆದುಕೊಂಡವರಿಗೆ ಎರಡು ಕೇಂದ್ರಗಳ ರೇಖಾಂಶವೂ 77.125 ಆದ್ದರಿಂದ ಅಗಲ ಸೊನ್ನೆಯಾಗುತ್ತದೆ. ಆಯತದ ಬದಲು ಬರೀ ಒಂದು ಗೆರೆ ಉಳಿಯುತ್ತದೆ, ಮದ್ದೂರೂ ಅದರಲ್ಲಿರುವುದಿಲ್ಲ. ಕನಿಷ್ಠಕ್ಕೆ ಸೊನ್ನೆಯಿಟ್ಟವರೂ ಸಿಕ್ಕಿಬೀಳುತ್ತಾರೆ. ಮೂರು ಕೋಶಗಳ ಉದಾಹರಣೆಗಿಂತ ಎರಡು ಕೋಶಗಳ ಉದಾಹರಣೆ ಚಿಕ್ಕದು, ಆದರೆ ಹೆಚ್ಚು ಚುರುಕು. ಆದ್ದರಿಂದ ಪರಿಕಲ್ಪನೆಯನ್ನು ಪರಿಚಯಿಸಲು ಮೂರು ಊರುಗಳನ್ನು ಬಳಸಿ, ಕಲಿಕೆಯನ್ನು ಪರೀಕ್ಷಿಸಲು ಮದ್ದೂರು ಮಳವಳ್ಳಿಗಳನ್ನು ಬಳಸಿ.

ಪಾಠ ಯೋಜನೆಯಲ್ಲಿ ಮೌಲ್ಯಮಾಪನದ ಪ್ರಶ್ನೆಯ ಮುಂದೆ ‘ಈ ಪ್ರಶ್ನೆಗೆ ತಪ್ಪು ವಿಧಾನದಿಂದ ಬರುವ ಉತ್ತರ’ ಎಂಬ ಒಂದು ಅಂಕಣವನ್ನು ಸೇರಿಸಿಕೊಳ್ಳಿ. ಆ ಅಂಕಣದಲ್ಲಿ ಬರೆದದ್ದು ಸರಿ ಉತ್ತರಕ್ಕೇ ಸಮನಾದರೆ ಪ್ರಶ್ನೆಯನ್ನು ಬದಲಾಯಿಸಿ. ಈ ಅಭ್ಯಾಸ ಎಲ್ಲೆ ಆಯತಕ್ಕೆ ಮಾತ್ರ ಸೀಮಿತವಲ್ಲ. 2ರ ವರ್ಗವನ್ನು ಕೇಳಿದರೆ 2ನ್ನು ಎರಡರಿಂದ ಗುಣಿಸಿದವನಿಗೂ ವರ್ಗ ಮಾಡಿದವನಿಗೂ 4 ಬರುತ್ತದೆ. 3ರ ವರ್ಗವನ್ನು ಕೇಳಿದರೆ ಇಬ್ಬರೂ ಬೇರೆಯಾಗುತ್ತಾರೆ.

ಆಯತ ಬೇರೆ, ಆಯ್ಕೆ ಬೇರೆ

ಮೂರು ಕೋಶಗಳ ಎಲ್ಲೆ ಆಯತದಲ್ಲಿ ನಾಲ್ಕು ಕೋಶಗಳಿವೆ. ನಾವು ಆರಿಸದ 57 ಡಿ/15 ಕೂಡ ಒಳಗೆ ಬಂದಿದೆ. ಸುಮಾರು 750 ಚ.ಕಿ.ಮೀ. ನೆಲ, ಸೋಮನಾಥಪುರದ ದೇವಾಲಯದ ಸಮೇತ, ಕೇಳದೆಯೇ ಸೇರಿಕೊಂಡಿದೆ. ಆಯತದ ನೈರುತ್ಯ ಮೂಲೆ 7ನೆಯ ಶೃಂಗ, ಅದು ಆರಿಸಿದ ಯಾವ ಕೋಶಕ್ಕೂ ಸೇರಿಲ್ಲ. ಪಶ್ಚಿಮದ ಎಲ್ಲೆಯನ್ನು ಮಂಡ್ಯದ ಕೋಶ ಕೊಟ್ಟಿತು, ದಕ್ಷಿಣದ ಎಲ್ಲೆಯನ್ನು ಮಳವಳ್ಳಿಯ ಕೋಶ ಕೊಟ್ಟಿತು. ಎರಡೂ ಕೂಡಿದ ಮೂಲೆಯಲ್ಲಿ ಇಬ್ಬರೂ ಇಲ್ಲ.

ಇದು ಲೆಕ್ಕದ ದೋಷವಲ್ಲ, ಎಲ್ಲೆ ಆಯತದ ಸ್ವಭಾವ. ಆರಿಸಿದ್ದೆಲ್ಲ ಒಳಗಿದೆ ಎಂದು ಅದು ಖಾತರಿ ಕೊಡುತ್ತದೆ. ಒಳಗಿರುವುದೆಲ್ಲ ಆರಿಸಿದ್ದೇ ಎಂದು ಎಂದೂ ಹೇಳುವುದಿಲ್ಲ. ಎಲ್ಲೆ ಆಯತದೊಳಗಿನ ಮಳೆಯನ್ನೆಲ್ಲ ಕೂಡಿಸಿ ‘ಆರಿಸಿದ ಹಾಳೆಗಳ ಮಳೆ’ ಎಂದು ಬರೆದರೆ ಸೋಮನಾಥಪುರದ ಮಳೆಯೂ ನಮ್ಮ ಲೆಕ್ಕಕ್ಕೆ ಬರುತ್ತದೆ. ಬಳಸುವ ಕ್ರಮವೆಂದರೆ ಮೊದಲು ಆಯತದಿಂದ ಜರಡಿ ಹಿಡಿಯುವುದು, ಅನಂತರ ಒಳಗೆ ಉಳಿದ ಕೋಶಗಳನ್ನು ಒಂದೊಂದಾಗಿ ಆಯ್ಕೆಯ ಪಟ್ಟಿಯೊಡನೆ ತಾಳೆ ನೋಡುವುದು. ಸಾವಿರಾರು ಕೋಶಗಳ ಜಾಲದಲ್ಲಿ ಮೊದಲ ಜರಡಿಯಿಂದಲೇ ಬಹುಪಾಲು ಕೆಲಸ ತಪ್ಪುತ್ತದೆ. ಎಲ್ಲೆ ಆಯತದ ಬೆಲೆ ಅಲ್ಲಿದೆ.

ತರಗತಿಯ ಚಟುವಟಿಕೆ: ಸಾಲು ಸಾಲಾಗಿ ಲೆಕ್ಕ

ದೊಡ್ಡ ಜಾಲಗಳನ್ನು ಒಂದೇ ಪ್ರೊಸೆಸರಿಗೆ ವಹಿಸದೆ ಹಲವಕ್ಕೆ ಹಂಚುತ್ತಾರೆ. ಪ್ರತಿಯೊಂದೂ ತನ್ನ ಪಾಲಿನ ಕೋಶಗಳ ಎಲ್ಲೆಯನ್ನು ಕಂಡುಹಿಡಿದು ನಾಲ್ಕು ಸಂಖ್ಯೆಗಳನ್ನಷ್ಟೇ ಕಳುಹಿಸುತ್ತದೆ. ಇದನ್ನು ತರಗತಿಯಲ್ಲಿ ಆಡಿಸಬಹುದು. ಬೇಕಾದ ಕಲಿಕೋಪಕರಣಗಳು ನಾಲ್ಕು ರಟ್ಟಿನ ಚೀಟಿ ಮತ್ತು ಕಪ್ಪುಹಲಗೆ.

ತರಗತಿಯನ್ನು ನಾಲ್ಕು ಸಾಲು ಮಾಡಿ ಒಂದೊಂದು ಸಾಲಿಗೆ ಒಂದೊಂದು ಹಾಳೆಯ ಚೀಟಿ ಕೊಡಿ. ಚೀಟಿಯಲ್ಲಿ ನಾಲ್ಕು ಶೃಂಗಗಳ ನಿರ್ದೇಶಾಂಕಗಳಿರಲಿ. ‘ಆಯ್ಕೆ: ಮದ್ದೂರು, ಮಳವಳ್ಳಿ’ ಎಂದು ಹಲಗೆಯ ಮೇಲೆ ಬರೆಯಿರಿ. ಪ್ರತಿ ಸಾಲೂ ತನ್ನ ಎಲ್ಲೆಯನ್ನು ಕಂಡುಹಿಡಿದು ಒಬ್ಬರನ್ನು ಹಲಗೆಗೆ ಕಳುಹಿಸಲಿ. ಮದ್ದೂರಿನ ಸಾಲು ಬರೆಯುವುದು 77.00, 77.25, 12.50, 12.75. ಮಳವಳ್ಳಿಯ ಸಾಲು ಬರೆಯುವುದು 77.00, 77.25, 12.25, 12.50. ಕನಿಷ್ಠಗಳಲ್ಲಿ ಕನಿಷ್ಠ, ಗರಿಷ್ಠಗಳಲ್ಲಿ ಗರಿಷ್ಠ ತೆಗೆದರೆ 77.00, 77.25, 12.25, 12.75. ಎರಡು ಉತ್ತರಗಳ ಸರಾಸರಿ ತೆಗೆಯಲು ಹೊರಟವರಿಗೆ ದಕ್ಷಿಣದ ಎಲ್ಲೆ 12.375 ಬಂದು ಮಳವಳ್ಳಿಯ ಹಾಳೆಯ ಅರ್ಧ ಹೊರಗೆ ಬೀಳುತ್ತದೆ. ಅದನ್ನು ಅಲ್ಲಿಯೇ ತೋರಿಸಿ.

ಮಂಡ್ಯದ ಸಾಲು, ಸೋಮನಾಥಪುರದ ಸಾಲು ಏನು ಬರೆಯಬೇಕು? ಚಟುವಟಿಕೆಯ ತಿರುಳು ಇಲ್ಲಿದೆ. ಅವರ ಬಳಿ ಆರಿಸಿದ ಕೋಶ ಒಂದೂ ಇಲ್ಲ. ‘ನಮ್ಮದೇನೂ ಇಲ್ಲ’ ಎಂಬುದಕ್ಕೆ 0, 0, 0, 0 ಎಂದು ಬರೆದರೆ ಕನಿಷ್ಠಗಳು ಸೊನ್ನೆಯಾಗಿ ಆಯತ ಮತ್ತೆ ಗಿನಿ ಕೊಲ್ಲಿಗೆ ಹೋಗುತ್ತದೆ. ಅವರು ‘ಆಯ್ಕೆ ಇಲ್ಲ’ ಎಂದೇ ಬರೆಯಬೇಕು. ಕಂಪ್ಯೂಟರಿನಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. ಕನಿಷ್ಠವನ್ನು ಅತಿ ದೊಡ್ಡ ಸಂಖ್ಯೆಯಿಂದಲೂ ಗರಿಷ್ಠವನ್ನು ಅತಿ ಚಿಕ್ಕ ಋಣ ಸಂಖ್ಯೆಯಿಂದಲೂ ಆರಂಭಿಸುತ್ತಾರೆ. ಯಾವ ಕೋಶವೂ ಸಿಗದಿದ್ದರೆ ಕನಿಷ್ಠವು ಗರಿಷ್ಠಕ್ಕಿಂತ ದೊಡ್ಡದಾಗಿಯೇ ಉಳಿಯುತ್ತದೆ. ಅದೇ ಶೂನ್ಯ ಗಣದ ಗುರುತು. ಬೇರೆ ಸಾಲಿನ ಉತ್ತರದೊಡನೆ ಸೇರಿಸಿದರೂ ಅದು ಏನನ್ನೂ ಕೆಡಿಸುವುದಿಲ್ಲ. ಸಂಖ್ಯೆ ಸೊನ್ನೆ ಬೇರೆ, ಶೂನ್ಯ ಗಣ ಬೇರೆ ಎಂಬ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸಂದರ್ಭ ಶಾಲಾ ಗಣಿತದಲ್ಲಿ ಅಪರೂಪ.

ಮೌಲ್ಯಮಾಪನ

1. ಮಂಡ್ಯ ಮತ್ತು ಮಳವಳ್ಳಿಗಳ ಕೋಶಗಳನ್ನು ಮಾತ್ರ ಆರಿಸಿದರೆ ಎಲ್ಲೆ ಆಯತ ಯಾವುದು? ಅದರಲ್ಲಿ ಆರಿಸಿದ ಭಾಗ ಎಷ್ಟು?
ಉತ್ತರ: 76.75ರಿಂದ 77.25, 12.25ರಿಂದ 12.75. ಎರಡು ಕೋಶಗಳು 5ನೆಯ ಶೃಂಗದಲ್ಲಿ ಮಾತ್ರ ಮುಟ್ಟುತ್ತವೆ. ಆಯತದ ಅರ್ಧ ಮಾತ್ರ ಆರಿಸಿದ್ದು. ಮದ್ದೂರು ಆರಿಸದಿದ್ದರೂ ಒಳಗಿದೆ.

2. ಮೂರು ಊರುಗಳ ಕೋಶಗಳಿಗೆ ಶ್ರೀರಂಗಪಟ್ಟಣ ಮತ್ತು ಕೃಷ್ಣರಾಜಸಾಗರ ಇರುವ 57 ಡಿ/11 ಹಾಳೆಯನ್ನೂ ಸೇರಿಸಿದರೆ? ಅದರ ವ್ಯಾಪ್ತಿ ರೇಖಾಂಶ 76.50ರಿಂದ 76.75, ಅಕ್ಷಾಂಶ 12.25ರಿಂದ 12.50.
ಉತ್ತರ: 76.50ರಿಂದ 77.25, 12.25ರಿಂದ 12.75. ಆಯತದಲ್ಲಿ ಆರು ಹಾಳೆಗಳಿವೆ, ಆರಿಸಿದ್ದು ನಾಲ್ಕು. ಆರಿಸದೆ ಬಂದವು ಮೇಲುಕೋಟೆಯಿರುವ 57 ಡಿ/10 ಮತ್ತು ಸೋಮನಾಥಪುರವಿರುವ 57 ಡಿ/15. ಹಳೆಯ ಆಯತಕ್ಕೆ ಹೊಸ ಕೋಶವನ್ನಷ್ಟೇ ಹೋಲಿಸಿದರೂ ಇದೇ ಉತ್ತರ ಬರುತ್ತದೆ. ಮೊದಲಿನಿಂದ ಲೆಕ್ಕ ಹಾಕಬೇಕಿಲ್ಲ.

3. ಮೂರು ಕೋಶಗಳ ಆಯ್ಕೆಯಿಂದ ಒಂದು ಕೋಶವನ್ನು ತೆಗೆದರೆ ಹೊಸ ಆಯತವನ್ನು ಹಳೆಯ ನಾಲ್ಕು ಸಂಖ್ಯೆಗಳಿಂದಲೇ ಹೇಳಬಹುದೇ?
ಉತ್ತರ: ಆಗದು. ಮದ್ದೂರನ್ನು ತೆಗೆದರೆ ಆಯತ ಬದಲಾಗುವುದಿಲ್ಲ. ಮಂಡ್ಯವನ್ನು ತೆಗೆದರೆ ಪಶ್ಚಿಮದ ಎಲ್ಲೆ 77.00ಕ್ಕೆ ಸರಿಯುತ್ತದೆ. ಮಳವಳ್ಳಿಯನ್ನು ತೆಗೆದರೆ ದಕ್ಷಿಣದ ಎಲ್ಲೆ 12.50ಕ್ಕೆ ಏರುತ್ತದೆ. ಯಾವುದು ಆಗುತ್ತದೆಂದು ತಿಳಿಯಲು ಉಳಿದ ಕೋಶಗಳ ಶೃಂಗಗಳನ್ನು ಮತ್ತೆ ನೋಡಲೇಬೇಕು. ಸೇರಿಸುವುದು ಸುಲಭ, ತೆಗೆಯುವುದು ಸುಲಭವಲ್ಲ.

ಪಾಠ ವೀಕ್ಷಿಸುವ ಶಿಕ್ಷಕ ಶಿಕ್ಷಕರಿಗೆ

ಈ ಪಾಠವನ್ನು ವೀಕ್ಷಿಸುವಾಗ ಉತ್ತರ ಸರಿಯೇ ಎಂಬುದಕ್ಕಿಂತ ನಾಲ್ಕು ಅಂಶಗಳನ್ನು ಗುರುತು ಹಾಕಿಕೊಳ್ಳುವುದು ಉಪಯುಕ್ತ. ಆಯ್ಕೆ ಮತ್ತು ಇಡೀ ಜಾಲದ ಎಲ್ಲೆಗಳು ಬೇರೆಯಾಗುವ ಒಂದಾದರೂ ಉದಾಹರಣೆಯನ್ನು ಪ್ರಶಿಕ್ಷಣಾರ್ಥಿ ಕೊಟ್ಟರೇ? ಆರಂಭದ ಬೆಲೆಯ ಬಗ್ಗೆ ಮಕ್ಕಳನ್ನು ಕೇಳಿದರೇ? ‘ಆಯ್ಕೆ ಇಲ್ಲ’ ಎಂಬ ಸಂದರ್ಭ ಬಂತೇ? ಆಯತದೊಳಗಿದ್ದೂ ಆಯ್ಕೆಯಲ್ಲಿಲ್ಲದ ಕೋಶವನ್ನು ಮಕ್ಕಳೇ ಹೆಸರಿಸಿದರೇ? ನಾಲ್ಕಕ್ಕೂ ಹೌದು ಎಂದಾದರೆ ಒಂದು ಅವಧಿಯಲ್ಲಿ ಸಾಧಿಸಬಹುದಾದದ್ದು ಆಗಿದೆ. ಮೊದಲನೆಯದಕ್ಕೆ ಇಲ್ಲ ಎಂದಾದರೆ, ತರಗತಿಯ ಎಲ್ಲರ ಉತ್ತರ ಸರಿಯಿದ್ದರೂ, ಮರುದಿನದ ಅವಧಿಯನ್ನು ಮದ್ದೂರು ಮಳವಳ್ಳಿಗಳ ಎರಡು ಹಾಳೆಗಳಿಂದ ಆರಂಭಿಸಲು ಸೂಚಿಸಿ.